ವಾಲೇಸನ ಹೊಂಬಣ್ಣದ ಬರ್ಡ್‌ವಿಂಗ್

ಆರ್ನಿತಾಪ್ಟೆರ ಕ್ರೀಸಸ್ ಎಂಬ ವೈಜ್ಞಾನಿಕ ಹೆಸರಿನ ಈ ದೊಡ್ಡ ಚಿಟ್ಟೆ ಪ್ಯಾಪಿಲಿಯೊನಿಡೀ ಕುಟುಂಬಕ್ಕೆ ಸೇರಿದ್ದು, ಇಂಡೊನೇಷ್ಯದ ಉತ್ತರ ಮಲುಕು ದ್ವೀಪಗಳಲ್ಲಿ ಮಾತ್ರ ಕಂಡುಬರುತ್ತದೆ. ಬಚಾನ್ ಮತ್ತು ಹಲ್ಮಹೇರ ದ್ವೀಪಗಳ ತಗ್ಗುಪ್ರದೇಶದ ಮಳೆಕಾಡುಗಳು ಇದರ ಮುಖ್ಯ ನೆಲೆಗಳು. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಇದರ ಬಳಗದ್ದೇ.

ಸ್ವರೂಪ: ಗಂಡಿನ ರೆಕ್ಕೆಗಳ ಹರವು ಸುಮಾರು 18 ಸೆಂ.ಮೀ. ಇದ್ದು, ಮಖಮಲ್ಲಿನಂಥ ಕಪ್ಪಿನ ನಡುವೆ ಕಿತ್ತಳೆ ಮಿಶ್ರಿತ ಹೊಂಬಣ್ಣ ಹೊಳೆಯುತ್ತದೆ. ರೆಕ್ಕೆಯನ್ನು ಹೊದ್ದಿರುವ ಹುರುಪೆಗಳ ವರ್ಣದ್ರವ್ಯವೂ ಬೆಳಕನ್ನು ಪ್ರತಿಫಲಿಸುವ ಅವುಗಳ ಸೂಕ್ಷ್ಮ ರಚನೆಯೂ ಕೂಡಿ ಈ ಬಣ್ಣವನ್ನು ಉಂಟುಮಾಡುವುದರಿಂದ, ಓರೆಯಾಗಿ ನೋಡಿದಾಗ ಅದಕ್ಕೆ ಹಸಿರು ಛಾಯೆ ಬರುವುದುಂಟು. ಹೆಣ್ಣು ಗಂಡಿಗಿಂತ ದೊಡ್ಡದು; ಗಾಢ ಕಂದು ರೆಕ್ಕೆಗಳ ಮೇಲೆ ಬಿಳಿ ಮತ್ತು ಹಳದಿ ಮಚ್ಚೆಗಳಿರುತ್ತವೆ.

ಆಹಾರ: ಮರಿಹುಳುಗಳು ನಮ್ಮ ಈಶ್ವರಿ ಬಳ್ಳಿಯ ಕುಟುಂಬಕ್ಕೆ ಸೇರಿದ ಬಳ್ಳಿಗಳ ಎಲೆಯನ್ನು ತಿಂದು ಬೆಳೆಯುತ್ತವೆ.

ಶೋಧದ ಇತಿಹಾಸ: ಬ್ರಿಟಿಷ್ ನಿಸರ್ಗವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವಾಲೇಸ್, ನಿಸರ್ಗದ ಆಯ್ಕೆಯನ್ನು ಕುರಿತ ತನ್ನ ಪ್ರಬಂಧವನ್ನು ಡಾರ್ವಿನ್ನನಿಗೆ ಕಳುಹಿಸಿದ ವರ್ಷವಾದ 1858ರ ಅಕ್ಟೋಬರ್‌ನಲ್ಲಿ ಬಚಾನ್ ತಲುಪಿದ. ಅಲ್ಲಿನ ಕಾಡಿಗೆ ಕಾಲಿಟ್ಟ ಮೊದಲ ದಿನವೇ ಎಟುಕದ ಎಲೆಯೊಂದರ ಮೇಲೆ ಕುಳಿತಿದ್ದ ಹೆಣ್ಣು ಚಿಟ್ಟೆಯನ್ನು ಕಂಡು ಅದು ಹೊಸ ಪ್ರಭೇದವೆಂದು ಗುರುತಿಸಿದರೂ, ಅದು ಕೈಗೆ ಸಿಕ್ಕಿದ್ದು 1859ರ ಜನವರಿಯಲ್ಲಿ, ಎಲೆಯಂಥ ಬಿಳಿ ಪುಷ್ಪಪತ್ರಗಳೂ ಹಳದಿ ಹೂಗಳೂ ಇರುವ ಮಸ್ಸೆಂಡ ಪೊದೆಯೊಂದರ ಬಳಿ. ಮೊದಲು ಹೆಣ್ಣನ್ನೂ ಮರುದಿನ ಗಂಡನ್ನೂ ಹಿಡಿದ ವಾಲೇಸ್, ಗಂಡಿನ ರೆಕ್ಕೆಗಳನ್ನು ಬಿಡಿಸಿ ನೋಡಿದಾಗ ಎದೆ ಹೊಡೆದುಕೊಂಡು ಮೂರ್ಛೆ ಬಂದಂತಾಯಿತೆಂದೂ, ಉಳಿದ ದಿನವೆಲ್ಲ ತಲೆನೋವಿತ್ತೆಂದೂ 1869ರಲ್ಲಿ ಪ್ರಕಟವಾದ 'ದಿ ಮಲಯ್ ಆರ್ಕಿಪೆಲಾಗೊ' ಗ್ರಂಥದಲ್ಲಿ ಬರೆದಿದ್ದಾನೆ. ಸಂಪತ್ತಿಗೆ ಹೆಸರಾದ ಲಿಡಿಯದ ದೊರೆ ಕ್ರೀಸಸನ ಹೆಸರನ್ನು ಇದಕ್ಕಿಟ್ಟು 1859ರಲ್ಲಿಯೇ ವಿವರಣೆ ಪ್ರಕಟಿಸಿದ. ಹಲ್ಮಹೇರದ ರೂಪವನ್ನು ಫೆಲ್ಡರ್ ತಂದೆಮಕ್ಕಳು 1865ರಲ್ಲಿ ಲಿಡಿಯಸ್ ಎಂದು ಹೆಸರಿಸಿದ್ದು, ಈಗ ಅದನ್ನು ಉಪಪ್ರಭೇದವೆಂದು ಪರಿಗಣಿಸಲಾಗುತ್ತದೆ.

ಮಹತ್ವ: ಆಂಬಾನ್, ಸೆರಾಮ್ ಮೊದಲಾದ ದಕ್ಷಿಣದ ದ್ವೀಪಗಳಲ್ಲಿರುವ ಪ್ರಿಯಾಮಸ್ ಬರ್ಡ್‌ವಿಂಗಿನ ಗಂಡು ಹಸಿರು. ಒಂದೇ ಬುಡದಿಂದ ಬಂದ ಚಿಟ್ಟೆಗಳು ಕಡಲಿನಿಂದ ಬೇರ್ಪಟ್ಟ ದ್ವೀಪಗಳಲ್ಲಿ ಬೇರೆ ಬೇರೆಯಾಗಿ ರೂಪುಗೊಂಡದ್ದಕ್ಕೆ ಕ್ರೀಸಸ್ ಒಳ್ಳೆಯ ನಿದರ್ಶನವಾಗಿದ್ದು, ಜೀವವಿಜ್ಞಾನದಲ್ಲಿ ಅದರ ಬೆಲೆ ಅಂದಕ್ಕಿಂತ ಹೆಚ್ಚಾಗಿ ಇದರಲ್ಲಿದೆ ಎನ್ನಬಹುದು.

ಸಂರಕ್ಷಣೆ: ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿರುವುದರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಬೇಕು. ಆದರೆ ಪರವಾನಗಿಯ ನಿಯಮ ಚಿಟ್ಟೆಯನ್ನು ಕಾಯಬಲ್ಲುದೇ ಹೊರತು ಅದರ ಬಳ್ಳಿಯನ್ನಲ್ಲ. ಮರ ಕಡಿತಕ್ಕೂ ಹಲ್ಮಹೇರದ ನಿಕಲ್ ಗಣಿಗಾರಿಕೆಗೂ ತಗ್ಗುಕಾಡುಗಳು ಬಲಿಯಾಗದಂತೆ ತಡೆಯುವುದೇ ಈ ಪ್ರಭೇದದ ಉಳಿವಿಗೆ ಅತ್ಯಗತ್ಯ.