ಜಲಶುದ್ಧಿಯೂ ರಾಜದಂಡವೂ: ಬೀದರ ಸೀಮೆಯನ್ನು ಕುರಿತು ಒಂದು ವಿಚಾರ

ನೀರನ್ನು ಕೆಡಿಸಬಾರದೆಂಬ ವಿಧಿಯು ನಮ್ಮ ಧರ್ಮಶಾಸ್ತ್ರಗಳಲ್ಲಿ ಉಂಟೆಂಬುದು ವಾಚಕರಿಗೆ ವಿದಿತವೇ ಆಗಿದೆ. ಆದರೆ ಆ ವಿಧಿಯು ಗ್ರಂಥದ ಯಾವ ಪ್ರಕರಣದಲ್ಲಿ ಬಂದಿರುವುದೆಂಬುದನ್ನು ವಿಚಾರಿಸಿದವರು ವಿರಳರು. ಬೀದರದ ನೆಲದ ಮೇಲೆ ನಿಂತು ನೋಡಿದರೆ ಈ ಸ್ಥಾನವಿಚಾರಕ್ಕೆ ಎಷ್ಟು ಬೆಲೆಯುಂಟೆಂಬುದು ತಿಳಿಯುವುದು.

ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಗ್ರಂಥಾಂತ್ಯದಲ್ಲಿ ಕಲ್ಯಾಣಪುರವನ್ನೂ ವಿಕ್ರಮಾರ್ಕನನ್ನೂ ಕೊಂಡಾಡಿರುವನು. ಆ ಅರಸನು ಆರನೆಯ ವಿಕ್ರಮಾದಿತ್ಯ (೧೦೭೬–೧೧೨೬). ಆ ಕಲ್ಯಾಣವು ಇಂದು ಬೀದರ ಜಿಲ್ಲೆಗೆ ಸೇರಿದ ಬಸವಕಲ್ಯಾಣ. ಸ್ಮೃತಿಯು ಆಚಾರ, ವ್ಯವಹಾರ, ಪ್ರಾಯಶ್ಚಿತ್ತಗಳೆಂದು ಮೂರು ಅಧ್ಯಾಯಗಳಾಗಿ ನಿಂತಿದೆ. ಉಗುಳು, ರಕ್ತ, ಮಲಮೂತ್ರಗಳನ್ನು ನೀರಿನಲ್ಲಿ ಹಾಕಬಾರದೆಂಬ ನಿಷೇಧವು ಆಚಾರಾಧ್ಯಾಯದಲ್ಲಿ, ಸ್ನಾತಕನ ನಿಯಮಗಳ ನಡುವೆ ಬಂದಿದೆ. ಮನುವೂ ನಾಲ್ಕನೆಯ ಅಧ್ಯಾಯದಲ್ಲಿ ಇದನ್ನೇ ಹೇಳಿ, ವಿಷವನ್ನು ಅಧಿಕವಾಗಿ ಸೇರಿಸಿದ್ದಾನೆ. ವ್ಯವಹಾರಾಧ್ಯಾಯಕ್ಕೆ ಬಂದರೆ ಅಲ್ಲಿರುವ ಮಾತು ಬೇರೆ: ಪರರ ಭೂಮಿಗೆ ಅಲ್ಪ ಬಾಧೆಯಾದರೂ ಬಹಳ ಉಪಕಾರವಾಗುವ ಸೇತುವನ್ನಾಗಲಿ, ಸ್ವಲ್ಪ ನೆಲವನ್ನು ಹಿಡಿದು ವಿಪುಲ ಜಲವನ್ನು ಕೊಡುವ ಬಾವಿಯನ್ನಾಗಲಿ ತಡೆಯಕೂಡದೆಂಬುದು. ಇದು ನೀರಿನ ಪ್ರಮಾಣದ ವಿಚಾರ, ಗುಣದ ವಿಚಾರವಲ್ಲ. ಪಾಠಶಾಲೆಯಲ್ಲಿ ಈ ಭಾಗಗಳನ್ನು ಕಂಠಸ್ಥ ಮಾಡಿದ ನಾವು, ನೀರನ್ನು ಕೆಡಿಸಿದವನನ್ನು ಹಿಡಿಯತಕ್ಕವರು ಯಾರೆಂದು ಗುರುಗಳನ್ನು ಒಂದು ದಿನವೂ ಕೇಳಲಿಲ್ಲ.

ಕೇಳಿದ್ದರೆ ಉತ್ತರವು ಕೌಟಿಲ್ಯನಲ್ಲಿ ಸಿಕ್ಕುತ್ತಿದ್ದಿತು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದಲ್ಲಿ, ನಾಗರಿಕನೆಂಬ ಪುರಾಧಿಕಾರಿಯ ಪ್ರಕರಣದೊಳಗೆ, ಪುಣ್ಯಸ್ಥಾನ, ಜಲಸ್ಥಾನ, ದೇವಾಲಯ, ರಾಜಸ್ವತ್ತುಗಳಲ್ಲಿ ಮಲವಿಸರ್ಜನೆ ಮಾಡಿದವನಿಗೆ ಒಂದು ಪಣದಿಂದ ಏರುತ್ತ ಹೋಗುವ ದಂಡವುಂಟು. ಮೂತ್ರಕ್ಕೆ ಅದರ ಅರ್ಧ. ಔಷಧಸೇವನೆ, ರೋಗ, ಭಯಗಳಿಂದಾದರೆ ದಂಡವಿಲ್ಲ. ಅದೇ ಗ್ರಂಥದಲ್ಲಿ, ನೀರು ನಿಂತ ಕಟ್ಟೆಯನ್ನು ಒಡೆದವನನ್ನು ಅಲ್ಲಿಯೇ ಆ ನೀರಿನಲ್ಲಿಯೇ ಮುಳುಗಿಸಬೇಕೆಂದಿದೆ. ಕಟ್ಟೆಗೆ ಪ್ರಾಣದಂಡ, ಶುದ್ಧಿಗೆ ಒಂದು ಪಣ! ಪ್ರಾಚೀನರಿಗೆ ಶುದ್ಧಿಯಲ್ಲಿ ಅನಾದರವಿತ್ತೆಂದು ಇದರಿಂದ ಊಹಿಸುವುದು ಸರಿಯಲ್ಲ. ಕೆಡಿಸುವವನು ಒಬ್ಬ ಮನುಷ್ಯ, ಕೆಡುವುದು ಎಲ್ಲರ ಕಣ್ಣೆದುರಿನ ನೀರು. ಲಜ್ಜೆಯೂ ಪ್ರಾಯಶ್ಚಿತ್ತವೂ ಅಷ್ಟಕ್ಕೆ ಸಾಲುತ್ತಿದ್ದುವು.

ಕಣ್ಣಿಗೆ ಕಾಣದ ನೀರಿನ ಗತಿಯೇನು? ಬೀದರ ನಗರವು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ ಕುಳಿತಿದೆ. ರಂಧ್ರಮಯವಾದ ಈ ಕೆಂಗಲ್ಲು ಮಳೆಯ ನೀರನ್ನು ಹೀರಿ ಕೆಳಗಿಳಿಸುವುದು; ಅಡಿಯ ಕರಿಗಲ್ಲು ಅದನ್ನು ತಡೆಯುವುದರಿಂದ ನೀರು ಅಡ್ಡಲಾಗಿ ಹರಿದು ಪ್ರಸ್ಥದ ಅಂಚಿನಲ್ಲಿ ಬುಗ್ಗೆಯಾಗಿ ಹೊರಡುವುದು. ಝರಣಿ ನರಸಿಂಹನ ಗುಹೆಯ ನೀರು, ಗುರುನಾನಕರ ಝೀರಾ ಇವೆಲ್ಲವೂ ಇಂತಹ ಒಸರಿನ ಫಲಗಳು. ಅಹಮದ ಶಹಾ ಬಹಮನಿಯು (೧೪೨೨–೧೪೩೬) ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದನು. ಆ ವಂಶದವರ ಕಾಲದಲ್ಲಿ ಪಾರಸಿಕರ ವಿದ್ಯೆಯಾದ ಕರೇಜು ಇಲ್ಲಿ ನೆಲೆಗೊಂಡಿತು. ತಾಯಿಬಾವಿಯಿಂದ ಮೊದಲ್ಗೊಂಡು ನೆಲದೊಳಗೆ ಅತಿ ಮಂದವಾದ ಇಳಿಜಾರಿನಲ್ಲಿ ಸುರಂಗವನ್ನು ಕೊರೆದು, ನಡುನಡುವೆ ಮೇಲಿನವರೆಗೆ ಕೂಪಗಳನ್ನು ತೆರೆದಿರುವರು. ಅಗೆದ ಮಣ್ಣನ್ನೆತ್ತಲು, ಗಾಳಿಯಾಡಲು, ಹೂಳು ತೆಗೆಯಲು ಅವೇ ದಾರಿ. ನೀರು ಯಾವ ಯಂತ್ರವೂ ಇಲ್ಲದೆ ತಾನೇ ಹೊರಗೆ ಬರುವುದು. ನೌಬಾದದ ಕರೇಜು ಎರಡು ಕಿಲೋಮೀಟರಿಗೂ ಮಿಕ್ಕು ಉದ್ದವಾಗಿದೆ. ೨೦೧೫ರ ಸುಮಾರಿಗೆ ಅದರ ಹೂಳೆತ್ತುವ ಕಾರ್ಯ ನಡೆದಾಗ, ಮಣ್ಣು ಕಸಗಳಿಂದ ಮುಚ್ಚಿಹೋಗಿದ್ದ ಕೂಪಗಳು ಮರಳಿ ಬೆಳಕು ಕಂಡುವು.

ಇಲ್ಲಿ ಕಟ್ಟೆ ಬೇರೆ, ಶುದ್ಧಿ ಬೇರೆ ಎಂಬ ಹಳೆಯ ವಿಭಾಗವು ನಿಲ್ಲಲಾರದು. ಕೂಪಕ್ಕೆ ಕಸ ಸುರಿದವನು ಸೇತುಭೇದಕನೂ ಹೌದು, ಜಲದೂಷಕನೂ ಹೌದು. ಮೇಲೆ ಚೆಲ್ಲಿದ ವಿಷವು ಕೆಳಗೆ ಎಲ್ಲಿ ಏಳುವುದೋ ಚೆಲ್ಲಿದವನಿಗೂ ತಿಳಿಯದು, ಕುಡಿದವನಿಗೂ ತಿಳಿಯದು. ನಗರದ ಮಗ್ಗುಲಿನ ಕೊಳಾರ ಕೈಗಾರಿಕಾ ಪ್ರದೇಶದ ಔಷಧ ರಾಸಾಯನಿಕಗಳ ಕಾರ್ಖಾನೆಗಳಿಂದ ತಮ್ಮ ಬಾವಿಗಳು ಕೆಡುತ್ತಿವೆಯೆಂದು ಸುತ್ತಲಿನ ಗ್ರಾಮಸ್ಥರು ದೂರಿಕೊಂಡಿರುವಾಗ, ಈ ಮಾತು ಕೇವಲ ಪುರಾತತ್ತ್ವದ್ದಲ್ಲ.

೧೮೬೦ರ ದಂಡಸಂಹಿತೆಯ ೨೭೭ನೆಯ ವಿಧಿಯು ಸಾರ್ವಜನಿಕ ಬುಗ್ಗೆ ಮತ್ತು ಜಲಾಶಯಗಳ ನೀರನ್ನು ಕೆಡಿಸಿದವನಿಗೆ ಮೂರು ತಿಂಗಳವರೆಗೆ ಸೆರೆಯನ್ನು ಅಥವಾ ೫೦೦ ರೂಪಾಯಿಯವರೆಗೆ ದಂಡವನ್ನು ಹೇಳಿತ್ತು. ನೆಲದೊಳಗಿನ ಹರಿವು ನ್ಯಾಯದ ದೃಷ್ಟಿಗೆ ಬಿದ್ದುದು ೧೯೭೪ರ ಜಲ ಮಾಲಿನ್ಯ ನಿವಾರಣಾ ಅಧಿನಿಯಮದಲ್ಲಿ. ಅದರ ಪರಿಭಾಷೆಯಂತೆ ‘ಪ್ರವಾಹ’ವೆಂಬ ಶಬ್ದದಲ್ಲಿ ನದಿಯೊಡನೆ ಒಣಗಿದ ಹಳ್ಳವೂ ಭೂಗರ್ಭದ ಜಲವೂ ಸೇರಿರುವುವು. ಬೀದರಕ್ಕೆ ಇಡೀ ಅಧಿನಿಯಮದಲ್ಲಿ ಇದಕ್ಕಿಂತ ಬೆಲೆಯುಳ್ಳ ಪದವಿಲ್ಲವೆಂದು ನನ್ನ ಮತ. ಆಚಾರಾಧ್ಯಾಯದ ವಿಷಯವು ಇಲ್ಲಿ ಸಂಪೂರ್ಣವಾಗಿ ವ್ಯವಹಾರಕ್ಕೆ ಬಂದಿತು; ವಿಷವನ್ನು ಬಿಟ್ಟವನಿಗೆ ಆರು ವರ್ಷಗಳವರೆಗೆ ಸೆರೆಯ ವಿಧಿಯಾಯಿತು. ೨೦೨೪ರ ತಿದ್ದುಪಡಿಯು ಈ ಅಪರಾಧಕ್ಕೆ ಸೆರೆಯನ್ನು ತೆಗೆದು ಹತ್ತು ಸಾವಿರದಿಂದ ಹದಿನೈದು ಲಕ್ಷ ರೂಪಾಯಿಗಳವರೆಗೆ ದಂಡವನ್ನಿಟ್ಟಿದೆ. ಅದು ಮೊದಲಿಗೆ ಹಿಮಾಚಲ ಪ್ರದೇಶ, ರಾಜಸ್ಥಾನ ಹಾಗೂ ಕೇಂದ್ರಾಡಳಿತ ಪ್ರದೇಶಗಳಿಗೆ ಅನ್ವಯಿಸಿತು. ಉಳಿದೆಡೆ ಅನ್ವಯಿಸಬೇಕಾದರೆ ಆಯಾ ರಾಜ್ಯದ ನಿರ್ಣಯ ಬೇಕು. ಕೌಟಿಲ್ಯನ ಪಣವು ಒಬ್ಬ ದಾರಿಹೋಕನಿಗೆ ಭಾರವಾಗುತ್ತಿದ್ದಿತು. ದೊಡ್ಡ ಕಾರ್ಖಾನೆಯು ಹದಿನೈದು ಲಕ್ಷವನ್ನು ವೆಚ್ಚದ ಪಟ್ಟಿಯಲ್ಲಿ ಒಂದು ಸಾಲಾಗಿ ಬರೆದುಕೊಳ್ಳಬಲ್ಲದು.

ನಗರದ ಪ್ರಸ್ಥವನ್ನು ಇಳಿದು ಭಾಲ್ಕಿ, ಔರಾದಗಳ ಕಡೆಗೆ ಹೋದರೆ ತೊಡಕು ಇನ್ನೊಂದು ಬಗೆಯದು. ಬಾಲಾಘಾಟದ ಬೆಟ್ಟಗಳಲ್ಲಿ ಹುಟ್ಟಿದ ಮಾಂಜ್ರಾ ನದಿಯು ಲಾತೂರಿನ ನೆಲವನ್ನು ದಾಟಿ ಈ ತಾಲೂಕುಗಳಿಗೆ ಬಂದು, ಕಾರಂಜಾ ಹೊಳೆಯನ್ನು ಕೂಡಿಕೊಂಡು ತೆಲಂಗಾಣಕ್ಕೆ ಹೋಗುವುದು. ಅಲ್ಲಿ ಸಿಂಗೂರಿನಲ್ಲಿ ನಿಂತ ಈ ನೀರನ್ನೇ ಹೈದರಾಬಾದು ನಗರವು ದಶಕಗಳ ಕಾಲ ಕುಡಿದಿದೆ. ಹಿಂದಿನ ಹೈದರಾಬಾದು ಸಂಸ್ಥಾನದಲ್ಲಿ ಈ ಸೀಮೆಯೆಲ್ಲ ಒಂದೇ ಆಳ್ವಿಕೆಗೆ ಒಳಪಟ್ಟಿತ್ತು. ೧೯೫೬ರ ನವೆಂಬರ ೧ರಂದು ಬೀದರ ಜಿಲ್ಲೆಯೇ ಮೂರು ಪಾಲಾಯಿತು: ಅಹಮದಪುರ, ನಿಲಂಗಾ, ಉದಗೀರಗಳು ಮುಂಬಯಿ ರಾಜ್ಯಕ್ಕೆ, ಜಹೀರಾಬಾದು, ನಾರಾಯಣಖೇಡಗಳು ಆಂಧ್ರಕ್ಕೆ, ಉಳಿದುದು ಮೈಸೂರಿಗೆ. ಭಾಷೆಯನ್ನು ನೋಡಿ ಗೆರೆಯೆಳೆದುದು ನ್ಯಾಯವೇ. ಕನ್ನಡಿಗರಾದ ನಾವು ಅದನ್ನು ಹಾರೈಸಿದವರು. ಆದರೆ ಮೇಲಣಿಂದ ಕೆಟ್ಟು ಬಂದ ನೀರಿಗಾಗಿ ಔರಾದಿನ ರೈತನು ಕರ್ನಾಟಕದ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರಿತ್ತರೆ, ಆ ಮಂಡಳಿಯ ಕೈ ಗಡಿಯಲ್ಲಿ ನಿಲ್ಲುವುದು. ೨೦೧೦ರ ಅಧಿನಿಯಮದಿಂದಾದ ಹಸಿರು ನ್ಯಾಯಮಂಡಳಿಯಲ್ಲಿಯೂ ಲಾತೂರು ಪುಣೆಯ ಪೀಠಕ್ಕೆ, ಬೀದರವು ಚೆನ್ನೈ ಪೀಠಕ್ಕೆ ಸೇರಿದೆ. ನೆರೆಹೊರೆಯ ರಾಜ್ಯಗಳು ಒಡಂಬಡಿಕೆಯಿಂದ ಸಂಯುಕ್ತ ಮಂಡಳಿಯನ್ನು ರಚಿಸಿಕೊಳ್ಳಬಹುದೆಂದು ೧೯೭೪ರ ಅಧಿನಿಯಮದ ೧೩ನೆಯ ವಿಧಿಯು ಹೇಳುವುದು. ಅದನ್ನು ಓದುವಾಗಲೆಲ್ಲ, ಬರೆದವರ ಮನಸ್ಸಿನಲ್ಲಿ ಮಾಂಜ್ರೆಯಂತಹ ನದಿಯೇ ಇದ್ದಿತೇನೋ ಎಂದು ತೋರುವುದು.