ಹಳೆಯ ಮನೆಯ ಸುಣ್ಣ ಕಾರಣೆ

ದೇಶದ ಚರಿತ್ರೆಯನ್ನು ಅರಿಯಬಯಸುವವರು ಮೊದಲು ದೇವಾಲಯಗಳನ್ನೂ ಶಿಲಾಶಾಸನಗಳನ್ನೂ ಅರಸಿ ಹೋಗುವುದು ವಾಡಿಕೆ. ಕೋಲಾರದ ಸೀಮೆಯು ಈ ವಿಷಯದಲ್ಲಿ ಸಂಪನ್ನವಾದುದು. ರೈಸ್ ಸಾಹೇಬರು ಈ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ನಾಟಿಕ’ದ ೧೦ನೆಯ ಸಂಪುಟವಾಗಿ ೧೯೦೫ರಲ್ಲಿ ಪ್ರಕಟಿಸಿದರು. ಆದರೆ ಶಾಸನವು ಅರಸರ ಹೆಸರನ್ನೂ ದಾನಧರ್ಮಗಳನ್ನೂ ತಿಳಿಸುವುದೇ ಹೊರತು, ಒಂದು ಸಂಸಾರವು ನಾಲ್ಕು ತಲೆಮಾರು ಹೇಗೆ ಬಾಳಿತೆಂಬುದನ್ನು ತಿಳಿಸುವುದಿಲ್ಲ. ಅದಕ್ಕೆ ಮನೆಯೇ ಸಾಕ್ಷಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಹಿರಿಯರ ಕಾಲದ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಮದುವೆ ಮುಂಜಿಗಳ ನಿಮಿತ್ತವಾಗಿಯೋ ವಾಸದ ಅನುಕೂಲಕ್ಕಾಗಿಯೋ ಅವುಗಳ ಗೋಡೆ ಮಾಳಿಗೆಗಳನ್ನು ಹೊಸದು ಮಾಡಿಸುವರು. ಆ ಕಾರ್ಯದಲ್ಲಿ ಉಳಿಯುವುದೇನು, ಅಳಿಯುವುದೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಸೀಮೆಯ ಮನೆಗಳು ಇಲ್ಲಿಯ ನೆಲದಿಂದಲೇ ಹುಟ್ಟಿದುವು. ಕಗ್ಗಲ್ಲಿಗೆ ಇಲ್ಲಿ ಕೊರತೆಯಿಲ್ಲ. ಆದುದರಿಂದ ಕಂಬಕ್ಕೂ ಹೊಸಲಿಗೂ ಕಲ್ಲು. ಎಷ್ಟೋ ಮನೆಗಳಲ್ಲಿ ಮಾಳಿಗೆಗೂ ಕಲ್ಲು ಚಪ್ಪಡಿ. ಉಳಿದೆಡೆ ತೊಲೆ ಜಂತಿಗಳ ಮೇಲೆ ಮಣ್ಣು ಹರಡಿದ ಮಾಳಿಗೆ. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಬಳಿಕ ಆ ಬಗೆಯ ಹೆಂಚು ನಾಡಿನಲ್ಲೆಲ್ಲ ಹರಡಿತು. ಮುಂದೆ ಮಾಲೂರು ತಾನೇ ಹೆಂಚು ಇಟ್ಟಿಗೆಗಳಿಗೆ ಹೆಸರಾಯಿತು. ಹೊದಿಕೆ ಯಾವುದಾದರೂ, ಗೋಡೆಯ ಅಲಂಕಾರವು ಮಾತ್ರ ಒಂದೇ ಬಗೆಯದು: ಮೇಲೆ ಬಿಳಿಯ ಸುಣ್ಣ, ಬುಡದಲ್ಲಿ ಕೆಮ್ಮಣ್ಣಿನ ಪಟ್ಟೆ. ಇದನ್ನೇ ಹಿರಿಯರು ‘ಸುಣ್ಣ ಕಾರಣೆ’ ಎಂದು ಕರೆದರು. ಹಬ್ಬಹರಿದಿನಗಳ ಮುನ್ನ ಮನೆಯ ಸಾಮಾನುಗಳನ್ನೆಲ್ಲ ಅಂಗಳಕ್ಕೆ ಸಾಗಿಸಿ, ಅಡಿಗೆಮನೆಯ ಇಲ್ಲಣವನ್ನು ಗುಡಿಸಿ, ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಹೀಗೆ ವರ್ಷವರ್ಷವೂ ಪದರದ ಮೇಲೆ ಪದರವು ಸೇರಿತು. ಮರದ ಕಾಂಡದಲ್ಲಿ ಉಂಗುರಗಳನ್ನು ಎಣಿಸುವಂತೆ, ಹಳೆಯ ಗೋಡೆಯಿಂದ ಕಳಚಿದ ಒಂದು ಚಕ್ಕೆಯಲ್ಲಿ ಈ ಪದರಗಳನ್ನು ಎಣಿಸಬಹುದು. ಅದರ ನಡುವೆ ಒಂದು ನೀಲಿಯ ಗೆರೆ ಕಂಡರೆ, ಯಾವುದೋ ತಲೆಮಾರಿನಲ್ಲಿ ಆ ಕೊಠಡಿಗೆ ವಿಶೇಷವಾಗಿ ಬಣ್ಣ ಹಾಕಿಸಿದರೆಂದು ಊಹಿಸಬಹುದು. ದಟ್ಟವಾದ ಹೊಗೆಯ ಕಪ್ಪು ಕಂಡರೆ, ಈಗಿನ ಪಡಸಾಲೆಯಲ್ಲಿ ಹಿಂದೆ ಒಲೆ ಉರಿದಿತ್ತೇನೋ ಎಂದು ವಿಚಾರಿಸಬಹುದು.

ಸುಣ್ಣದ ಗುಣವನ್ನೂ ಇಲ್ಲಿ ಸ್ವಲ್ಪ ತಿಳಿಯಬೇಕು. ಸುಣ್ಣದ ಕಲ್ಲನ್ನು ಸುಟ್ಟು, ನೀರು ಹೊಯ್ದು ಅರಳಿಸಿ ಗೋಡೆಗೆ ಬಳಿದರೆ, ಅದು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿ ಮೆಲ್ಲಗೆ ಮರಳಿ ಕಲ್ಲಿನ ಗುಣವನ್ನೇ ಪಡೆಯುವುದು. ಆದರೂ ಅದರಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಗೋಡೆಯೊಳಗಿನ ತೇವವು ಹೊರಬಿದ್ದು ಆರಿಹೋಗುವುದು. ಮಳೆಗಾಲದಲ್ಲಿ ನೆನೆದ ಮಣ್ಣಿನ ಗೋಡೆ ಬೇಸಗೆಯಲ್ಲಿ ಒಣಗುವುದು ಇದರಿಂದಲೇ. ಇದನ್ನು ಅರಿತೇ ನಮ್ಮ ಕೆಲಸಗಾರರು ಗಾರೆಯನ್ನು ಗಾಣದಲ್ಲಿ ದಿನಗಟ್ಟಲೆ ಅರೆದು, ಬೆಲ್ಲದ ನೀರನ್ನೂ ಅಳಲೆಕಾಯಿಯ ರಸವನ್ನೂ ಕೂಡಿಸಿ ಹದಮಾಡುತ್ತಿದ್ದರು.

ಗೋಡೆಯನ್ನು ಚಿತ್ರಕ್ಕೆ ಸಿದ್ಧಮಾಡುವ ವಿದ್ಯೆಯೂ ಕನ್ನಡ ನಾಡಿನಲ್ಲಿ ಬಹು ಹಳೆಯದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ತೊಗಲನ್ನು ಬೇಯಿಸಿ ತೆಗೆದ ವಜ್ರಲೇಪವನ್ನು ಬಿಳಿಯ ಮಣ್ಣಿನೊಡನೆ ಬೆರಸಿ, ಒಂದು ಲೇಪ ಒಣಗಿದ ಮೇಲೆ ಮತ್ತೊಂದರಂತೆ ಗೋಡೆಗೆ ಬಳಿಯುವ ಕ್ರಮವು ಹೇಳಿದೆ. ಹಳೆಯ ಕೋಲಾರ ಜಿಲ್ಲೆಯ ಗಡಿಯಾಚೆಗಿರುವ ಲೇಪಾಕ್ಷಿಯಲ್ಲಿ, ವಿಜಯನಗರದ ಅಚ್ಯುತರಾಯನ ಕಾಲದ ಮಾಳಿಗೆಯ ಚಿತ್ರಗಳು ಇಂದಿಗೂ ಇವೆ. ತಲೆಯೆತ್ತಿ ನೋಡಿದವರಿಗೆ ಆ ಕಾಲದ ಸ್ತ್ರೀಪುರುಷರ ಉಡಿಗೆ ತೊಡಿಗೆಗಳು ಕಣ್ಣಿಗೆ ಕಟ್ಟುವುವು.

ಹಳೆಯ ಗೋಡೆಗಳನ್ನು ಹೊಸದುಮಾಡುವುದರಲ್ಲಿರುವ ಲಾಭವನ್ನೂ ಅಪಾಯವನ್ನೂ ಒಟ್ಟಿಗೆ ತೋರಿಸುವ ನಿದರ್ಶನವೊಂದು ಶ್ರೀರಂಗಪಟ್ಟಣದಲ್ಲಿದೆ. ಅದು ನಮ್ಮ ಸೀಮೆಯಿಂದ ಹೋದ ಮನೆತನದ್ದೇ. ಹೈದರಾಲಿಯು ಹುಟ್ಟಿದುದು ಬೂದಿಕೋಟೆಯಲ್ಲಿ. ಆತನ ತಂದೆ ಫತೇ ಮಹಮ್ಮದನ ಗೋರಿಯು ಕೋಲಾರ ಪಟ್ಟಣದಲ್ಲಿಯೇ ಇದೆ. ಈ ಮನೆತನದ ಟೀಪು ಸುಲ್ತಾನನು ೧೭೮೪ರಲ್ಲಿ ಪೂರೈಸಿದ ‘ದರಿಯಾ ದೌಲತ್’ ಎಂಬ ವಿಹಾರಸೌಧದ ಗೋಡೆ, ಕಂಬ, ಮಾಳಿಗೆಗಳಲ್ಲಿ ಬಣ್ಣದ ಕೆಲಸವಿಲ್ಲದ ಸ್ಥಳವೇ ವಿರಳ. ೧೭೮೦ರಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಸೈನ್ಯವನ್ನು ಸೋಲಿಸಿದ ಯುದ್ಧದ ಚಿತ್ರವು ಪಶ್ಚಿಮದ ಗೋಡೆಯ ಮೇಲಿದೆ. ೧೭೯೯ರಲ್ಲಿ ಟೀಪುವು ಮಡಿದ ಬಳಿಕ ಕರ್ನಲ್ ವೆಲ್ಲೆಸ್ಲಿಯು ಅಲ್ಲಿ ವಾಸಮಾಡಿ, ಕೆಟ್ಟಿದ್ದ ಚಿತ್ರಗಳನ್ನು ಸರಿಪಡಿಸಿದನು. ತನ್ನವರ ಸೋಲಿನ ಚಿತ್ರವನ್ನು ಗೆದ್ದವನೇ ಉಳಿಸಿದುದು ವಿಶೇಷವೇ ಸರಿ. ಕಾಲಾಂತರದಲ್ಲಿ ಅವು ಮತ್ತೆ ಹಾಳಾದುವು. ೧೮೫೦ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆಯಂತೆ, ಮೊದಲಿನ ಚಿತ್ರಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದ ಈ ದೇಶದ ಚಿತ್ರಗಾರನೊಬ್ಬನು ಅವುಗಳನ್ನು ಮರಳಿ ಬರೆದನು. ನಾವು ಇಂದು ಕಾಣುವುದು ಹೀಗೆ ಹಲವು ಕೈಗಳು ದಾಟಿ ಬಂದ ಚಿತ್ರ. ರಚನೆಯು ಉಳಿಯಿತು, ಮೊದಲಿನ ಕೈಯ ಗೆರೆ ಎಷ್ಟು ಉಳಿಯಿತೆಂದು ಖಂಡಿತವಾಗಿ ಹೇಳುವುದು ಕಷ್ಟ. ಆ ಒಬ್ಬನ ನೆನಪೂ ಇಲ್ಲದಿದ್ದರೆ ಉಳಿದಷ್ಟೂ ಉಳಿಯುತ್ತಿರಲಿಲ್ಲ.

ಊರುಗಳ ಹೆಸರುಗಳೂ ಹೀಗೆಯೇ ಹೊಸ ಬಣ್ಣವನ್ನು ಪಡೆದುದುಂಟು. ಪಾಪನಪಳ್ಳಿಯೆಂಬ ಊರಿಗೆ ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರನ್ನಿಡಲು ಅದು ಶ್ರೀನಿವಾಸಪುರವಾಯಿತು. ಹಳೆಯ ಹೆಸರನ್ನು ಯಾರೋ ಬರೆದಿಟ್ಟುದರಿಂದ ಅದು ನಮಗೆ ತಿಳಿದಿದೆ. ನಮ್ಮ ಮನೆಗಳ ಗೋಡೆಗಳಿಗೆ ಅಂತಹ ಬರೆಹವೆಲ್ಲಿದೆ? ಅರಮನೆಗೆ ಚಿತ್ರಗಾರನೊಬ್ಬನ ನೆನಪು ಒದಗಿತು. ಗೃಹಸ್ಥರ ಮನೆಗೆ ಒದಗುವುದು ಮನೆಯ ಮುದುಕರ ನೆನಪು ಮಾತ್ರ. ಅದೂ ಬಹುಕಾಲ ಇರತಕ್ಕುದಲ್ಲ.

ಹಾಗೆಂದು ಹಳೆಯ ಮನೆಯನ್ನು ಮುಟ್ಟಲೇಬಾರದೆಂದು ಹೇಳುವುದು ಅವಿವೇಕ. ಮನೆಯಿರುವುದು ಬಾಳುವುದಕ್ಕೆ, ಹೊಸದುಮಾಡುವುದೇ ನಮ್ಮ ಹಿರಿಯರ ಪದ್ಧತಿಯೂ ಆಗಿತ್ತು. ಆದರೆ ಅವರು ಹಳೆಯದರ ಮೇಲೆ ತೆಳುವಾಗಿ ಬಳಿದರು. ನಾವು ಹಳೆಯದನ್ನೆಲ್ಲ ಕೆತ್ತಿ ತೆಗೆದು ಸಿಮೆಂಟನ್ನು ಮೆತ್ತುತ್ತೇವೆ. ಮಣ್ಣು ಗಾರೆಗಳ ಗೋಡೆಗೆ ಸಿಮೆಂಟು ಹೊಂದದು. ತೇವವು ಹೊರಬರಲು ದಾರಿಯಿಲ್ಲದೆ ಒಳಗೇ ನಿಂತು, ಉಪ್ಪು ಹೂತು, ಕೆಲವು ವರ್ಷಗಳಲ್ಲಿ ಹೊಸ ಗಾರೆಯೇ ಚಪ್ಪರಿದು ಉದುರುವುದು. ಗಾಳಿಯಾಡದ ಪ್ಲಾಸ್ಟಿಕ್ ಬಣ್ಣಗಳಿಂದಲೂ ಇದೇ ತೊಂದರೆ. ಹಣವೂ ಹೋಯಿತು, ಗೋಡೆಯೂ ಹೋಯಿತು ಎಂಬಂತಾಗುವುದು.

ಆದುದರಿಂದ ಕೆಲಸವನ್ನು ತೊಡಗುವ ಮೊದಲು ಗೃಹಸ್ಥರು ಕೆಲವು ಸಂಗತಿಗಳನ್ನು ಗಮನಿಸುವುದು ಒಳ್ಳೆಯದು. ದೇವರಮನೆಯ ಬಾಗಿಲ ಮೇಲೆ, ದೀಪದ ಗೂಡುಗಳ ಸುತ್ತ, ತೊಲೆಗಳ ಪಕ್ಕದಲ್ಲಿ ಅಂಗೈಯಗಲ ಸ್ಥಳವನ್ನು ಪದರಪದರವಾಗಿ ಮೆಲ್ಲಗೆ ಬಿಡಿಸಿ ನೋಡಬೇಕು. ಬಣ್ಣವಾಗಲಿ ಬರೆಹವಾಗಲಿ ಕಂಡರೆ ಕೈಯನ್ನು ತಡೆದು, ಬಲ್ಲವರಿಗೆ ತೋರಿಸಬೇಕು. ಛಾಯಾಚಿತ್ರ ತೆಗೆಯುವ ಸಾಧನವು ಈಗ ಮನೆಮನೆಯಲ್ಲಿಯೂ ಇದೆ. ಕೆತ್ತನೆಯ ತೊಲೆ ಬೋದಿಗೆಗಳಿಗೆ ದಪ್ಪನೆಯ ಬಣ್ಣ ಬಳಿದು ಉಳಿಯ ಗುರುತನ್ನು ಮುಚ್ಚಬಾರದು. ಸುಣ್ಣವಿದ್ದ ಗೋಡೆಗೆ ಸುಣ್ಣವನ್ನೇ ಬಳಿಸಬೇಕು. ಯಾವ ಕೊಠಡಿ ಏನಾಗಿತ್ತು, ಯಾರು ಯಾವಾಗ ಕಟ್ಟಿಸಿದರು ಎಂಬುದನ್ನು ಮನೆಯ ಹಿರಿಯರಿಂದ, ವಿಶೇಷವಾಗಿ ಆ ಗೋಡೆಗಳ ನಡುವೆಯೇ ಆಯುಸ್ಸನ್ನು ಕಳೆದ ವೃದ್ಧಸ್ತ್ರೀಯರಿಂದ, ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಸುಣ್ಣಕ್ಕೂ ಕೂಲಿಗೂ ಲೆಕ್ಕ ಬರೆಯುವ ಗೃಹಸ್ಥರಿಗೆ ಇನ್ನೆರಡು ಪುಟ ಬರೆಯುವುದು ಭಾರವಾಗಲಾರದು. ಮುಂದೆ ಈ ಸೀಮೆಯ ಚರಿತ್ರೆಯನ್ನು ಬರೆಯುವವರಿಗೆ ಆ ಎರಡು ಪುಟಗಳೇ ಶಾಸನವಾದಾವು.