ಬರೆಯದೆ ಉಳಿದ ಫಿರ್ಯಾದು

ರಾಜ್ಯೋತ್ಸವದ ಸಂಚಿಕೆಯಲ್ಲಿ ಕೋರ್ಟು ಕಚೇರಿಯ ಮಾತೇಕೆಂದು ವಾಚಕರು ಕೇಳಬಹುದು. ಹೊಟ್ಟೆಪಾಡಿಗಾಗಿ ಈ ಸೀಮೆಗೆ ಬಂದ ಕನ್ನಡಿಗರ ಚರಿತ್ರೆಯನ್ನು ಹೇಳಿಕೊಳ್ಳುವಾಗ ನಾವು ಹೋಟೆಲು, ರಾತ್ರಿಶಾಲೆ, ಯಕ್ಷಗಾನ ಮಂಡಲಿಗಳನ್ನು ನೆನೆಯುತ್ತೇವೆ. ದುಡಿಯಲು ಬಂದ ಹೆಣ್ಣುಮಕ್ಕಳ ಪ್ರಸ್ತಾಪ ಬರುವುದು ಅಪರೂಪ. ಮುಂಬ್ರಾದಿಂದ ಬೆಳಿಗ್ಗೆ ಲೋಕಲ್ ಗಾಡಿ ಹತ್ತಿ ಮುಂಬಯಿಗೆ ಹೋಗುವ ನಮ್ಮ ಸೋದರಿಯರು ಪರೇಲನ್ನು ದಾಟಿ ಹೋಗುತ್ತಾರಷ್ಟೆ. ಅಲ್ಲಿಯೇ ಅಂಥ ಒಬ್ಬರ ಬಾಳು ಮುರಿದುಬಿದ್ದಿತು.

ಹೊನ್ನಾವರದ ಬಳಿಯ ಹಳದೀಪುರದ ಅರುಣಾ ಶಾನಭಾಗರು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರ ಸಂಜೆ ಅದೇ ಆಸ್ಪತ್ರೆಯ ಕೆಲಸಗಾರನೊಬ್ಬನು ನಾಯಿಯ ಸರಪಳಿಯಿಂದ ಅವರ ಕೊರಳು ಬಿಗಿದು ಅತ್ಯಾಚಾರವೆಸಗಿದನು. ಮಿದುಳಿಗೆ ಬಿದ್ದ ಪೆಟ್ಟಿನಿಂದ ಅವರು ಮತ್ತೆ ಚೇತರಿಸಿಕೊಳ್ಳಲೇ ಇಲ್ಲ.

ಖಟ್ಲೆ ನಡೆಯಿತು, ಅಪರಾಧಿಗೆ ಏಳು ವರ್ಷ ಸೆರೆಯೂ ಆಯಿತು. ಯಾವ ಅಪರಾಧಕ್ಕೆ? ಹಲ್ಲೆಗೆ ಮತ್ತು ಸುಲಿಗೆಗೆ! ಮದುವೆ ನಿಶ್ಚಯವಾಗಿದ್ದ ಹುಡುಗಿಗೆ ಕಳಂಕ ತಟ್ಟಬಾರದೆಂದು ಉಳಿದುದನ್ನು ಮುಚ್ಚಿಟ್ಟರೆಂದು ಹೇಳುತ್ತಾರೆ. ಅತ್ಯಾಚಾರದ ಕಲಮಿನ ಅರ್ಥ ಅಂದು ಬಹಳ ಕಿರಿದಾಗಿತ್ತು, ನಿಜ. ಆದರೂ 1860ರ ದಂಡಸಂಹಿತೆಯಲ್ಲಿ ಈ ಕೃತ್ಯಕ್ಕೆ ಹೊಂದುವ ಬೇರೊಂದು ಕಲಮು ಇದ್ದೇ ಇತ್ತು. ಅದನ್ನೂ ಹಾಕಲಿಲ್ಲ. ಆಪಾದನಾಪತ್ರದಲ್ಲಿ ಇಲ್ಲದ್ದನ್ನು ನ್ಯಾಯಾಧೀಶರಾದರೂ ವಿಚಾರಿಸುವುದೆಂತು? ಇದರಿಂದ ಯಾರ ಮಾನ ಉಳಿಯಿತೋ ನಾವರಿಯೆವು. ಅಪರಾಧಿಗೆ ಮಾತ್ರ ಸೆರೆಮನೆಯ ಹಲವು ವರ್ಷಗಳು ಉಳಿದವು.

ಆಸ್ಪತ್ರೆಯ ದಾದಿಯರು ತಮ್ಮ ಸಂಗಾತಿಯನ್ನು ನಾಲ್ಕು ದಶಕ ಮಗುವಿನಂತೆ ಸಾಕಿದರು. ಸರ್ವೋಚ್ಚ ನ್ಯಾಯಾಲಯ ಅರುಣಾರ ಹೆಸರಿನಲ್ಲಿ ತೀರ್ಪಿತ್ತದ್ದು 2011ರ ಮಾರ್ಚ್ 7ರಂದು, ಅದೂ ದಯಾಮರಣದ ಪ್ರಶ್ನೆಯ ಮೇಲೆ. 2015ರ ಮೇ 18ರಂದು ಅವರು ತೀರಿಕೊಂಡರು.

ಅರುಣಾರ ಕಾಲದಲ್ಲಿ ಕೆಲಸದ ಜಾಗದಲ್ಲಿ ಪೀಡೆಯಾದರೆ ದೂರು ಹೇಳಲು ಪ್ರತ್ಯೇಕ ಏರ್ಪಾಡೇ ಇರಲಿಲ್ಲ. ಅದು ಒದಗಿದ್ದು ರಾಜಸ್ಥಾನದ ಹಳ್ಳಿಯ ಕಾರ್ಯಕರ್ತೆ ಭಂವರಿ ದೇವಿಯವರ ಮೇಲೆ 1992ರಲ್ಲಿ ನಡೆದ ಅತ್ಯಾಚಾರದ ತರುವಾಯ. ವಿಶಾಖಾ ಮೊಕದ್ದಮೆಯೆಂದು ಹೆಸರಾದ ಖಟ್ಲೆಯಲ್ಲಿ 1997ರ ಆಗಸ್ಟ್ 13ರಂದು ಸರ್ವೋಚ್ಚ ನ್ಯಾಯಾಲಯವೇ ನಿಯಮಗಳನ್ನು ಹಾಕಿಕೊಟ್ಟಿತು. ಅವನ್ನು ಕಾಯಿದೆ ಮಾಡಲು ಸಂಸತ್ತಿಗೆ ಹದಿನಾರು ವರ್ಷ ಬೇಕಾಯಿತು!

2013ರ ಆ ಕಾಯಿದೆಯಂತೆ ಹತ್ತು ಮತ್ತು ಅದಕ್ಕೆ ಮೇಲ್ಪಟ್ಟು ಕೆಲಸಗಾರರಿರುವ ಕಡೆ ಮಹಿಳೆಯ ಅಧ್ಯಕ್ಷತೆಯ ಸಮಿತಿಯಿರಬೇಕು. ಮೂರು ತಿಂಗಳೊಳಗೆ ಬರೆದು ದೂರು ಕೊಡಬೇಕು. ಮನೆಗೆಲಸದವರಿಗೆ, ಸಣ್ಣ ಅಂಗಡಿಗಳಲ್ಲಿ ದುಡಿಯುವವರಿಗೆ ಜಿಲ್ಲೆಯ ಸ್ಥಳೀಯ ಸಮಿತಿಯುಂಟು. ಮುಂಬ್ರಾದವರಿಗೆ ಅದು ಠಾಣೆ ಜಿಲ್ಲೆಯದು. ಸಮಿತಿಗೆ ಹೋದವರು ಪೋಲೀಸರ ಬಳಿ ಹೋಗಬಾರದೆಂದೇನೂ ಇಲ್ಲ. ಅದೇ ವರ್ಷ ದಂಡಸಂಹಿತೆಯೂ ತಿದ್ದುಪಡಿಯಾಗಿ, ಅತ್ಯಾಚಾರದ ಅರ್ಥ ಹಿಗ್ಗಿತು. ಹಿಂಬಾಲಿಸಿ ಕಾಡುವುದಕ್ಕೂ ಕಲಮು ಬಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯಸಂಹಿತೆಯಲ್ಲಿ ಪೀಡೆಯ ಕಲಮು 75, ಹಿಂಬಾಲಿಸುವುದರ ಕಲಮು 78.

ಗಾಡಿಯಲ್ಲಿ ಹೋಗಿಬರುವವರು ಒಂದನ್ನು ವಿಶೇಷವಾಗಿ ತಿಳಿದಿರಬೇಕು. ಪೀಡೆ ಕಳವಾದ ಹತ್ತಿರ ಆಯಿತೋ ಕುರ್ಲಾದ ಹತ್ತಿರವೋ, “ನಮ್ಮ ಸರಹದ್ದಲ್ಲ” ಎಂದು ಠಾಣೆಯವರು ಹಿಂದಕ್ಕೆ ಕಳಿಸುವಂತಿಲ್ಲ, ಝೀರೋ ಎಫ್.ಐ.ಆರ್. ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಇಂಥ ಅಪರಾಧಗಳಲ್ಲಿ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಬರೆದುದನ್ನು ಓದಿಸಿ ಕೇಳಿ, ಬಿಟ್ಟುಹೋದುದನ್ನು ಸೇರಿಸಿದ ಮೇಲೆಯೇ ಸಹಿ ಹಾಕತಕ್ಕದ್ದು. ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ಠಾಣೆಯಲ್ಲಿ ಒಪ್ಪದಿದ್ದರೆ ಮೇಲಧಿಕಾರಿಗೆ ಲಿಖಿತವಾಗಿ ತಿಳಿಸಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ವಕೀಲರ ಖರ್ಚಿಗೆ ಹೆದರಬೇಕಾದುದಿಲ್ಲ: 1987ರ ಕಾಯಿದೆಯಂತೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವು ಆದಾಯವೆಷ್ಟೆಂದು ನೋಡದೆ ಹೆಂಗಸರಿಗೆ ವಕೀಲರನ್ನು ಒದಗಿಸುತ್ತದೆ.